ಉಣ್ಣೆಯ ಭೂಪಟ

ಫ್ರಿಜ್ಜಿನ ಬಾಗಿಲು ಮತ್ತೆ ತೆರೆದ ಸದ್ದು, ಮತ್ತೆ ಮುಚ್ಚಿದ್ದು, ಅಂದರೆ ಮಾಧವಿ ಎರಡನೇ ಸಲ ತಣ್ಣೀರಿಗೆ ಸಕ್ಕರೆ ಕದಡಿ ಕುಡಿಯುತ್ತಿದ್ದಾಳೆ, ತಣ್ಣಗಿನದು ಇಳಿದರೆ ಹೊಟ್ಟೆಯ ಕೂಸು ಬೆಚ್ಚಿ ಮಿಸುಕುತ್ತದಂತೆ, ಇಂದಿರಾಬಾಯಿಯ ಕಿವಿ ಅಡುಗೆಮನೆಯಲ್ಲಿ, ಬೆರಳುಗಳು ಉಣ್ಣೆಯ ಗ್ರೀನ್‌ಲ್ಯಾಂಡಿನಲ್ಲಿ — ಅಮ್ಮ, ಮುಂಜಾನಿಂದ ಒಂದ್ಸಲಾನೂ ಒದ್ದಿಲ್ಲಮ್ಮ, ಅನ್ನುತ್ತ ಮಗಳ ಅಂಗೈ ಹೊಟ್ಟೆಯ ಎಡಕ್ಕೆ ಒತ್ತಿತು, ಬಲಕ್ಕೆ ಒತ್ತಿತು, ಕರೆಂಟು ಹೋದಾಗ ಗೋಡೆ ತಡವುವವರ ಹಾಗೆ — ಮಲಗಿರ್ತದ ಬಿಡು, ಕೂಸಿಗೆ ನಿದ್ದಿ ಬ್ಯಾಡೇನು, ಅಂದವಳು ತಾನೇ, ಅಂದು ಕೋಣೆಗೆ ಬಂದು ಕದ ಮುಂದೆ ಮಾಡಿ ಆ ಕೂಸಿಗೆಂದೇ ಹೆಣೆದ ಭೂಪಟದ ಹೊದಿಕೆಯನ್ನು ಬಿಚ್ಚಲು ಕೂತವಳೂ ತಾನೇ.

ಹುಟ್ಟುವ ಮೊದಲು ಕೂಸಿಗೆ ಹೊಸದೇನೂ ಮಾಡಬಾರದು, ಈ ಮನೆಯ ಕೂಸುಗಳೆಲ್ಲ ಅಜ್ಜಿಯರ ಹಳೇ ಸೀರೆಯಲ್ಲೇ ಸುತ್ತಿಸಿಕೊಂಡವು, ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು, ಆದರೆ ಕಂಪ್ಲಿ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಮಗಳು ಮೂರನೇ ತಿಂಗಳಲ್ಲೇ ಫೋನಿನಲ್ಲಿ ಭೂಪಟದ ಚಿತ್ರ ಕಳಿಸಿದ್ದಳು, ಪಾಪೂಗ ಪೂರ್ತಿ ಪ್ರಪಂಚ ಹೊದಿಸೋಣಮ್ಮ, ಇವಳೂ ಕುಣಿದಳು, ಕೆಳಗಿನ ಕಡಲಿನಿಂದ ಮೇಲಕ್ಕೆ ಸಾಲು ಸಾಲಾಗಿ ಐದು ತಿಂಗಳು — ಶ್ರೀಲಂಕಾ ಎಲ್ಲಿ ಹೋತಮ್ಮ, ಹನುಮಪ್ಪ ಸುಟ್ಟಾನಲ್ಲ, ಎಂದು ತಾಯಿ ಮಗಳು ಬಿದ್ದು ಬಿದ್ದು ನಕ್ಕರು — ಹೊಗಳಿಸಿಕೊಳ್ಳುವ ಚಟ ಇಂದಿರಾಬಾಯಿಗೆ, ನಿನ್ನೆ ಮುಗಿದದ್ದೇ ತಡ ಕಾಂಪೌಂಡಿನ ಮೇಲೆ ಹರವಿದಳು, ಚಿತ್ತವಾಡ್ಗಿಯ ಓಣಿಯೆಲ್ಲ ನೋಡಲಿ ಎಂದು, ನೋಡಿದವಳು ಎದುರುಮನೆ ಭರಮಮ್ಮ, ಭಾಳ ಚಂದದ ಬಾಯಾರ, ಆದ್ರ ಕೂಸಿನ್ನೂ ಬಂದಿಲ್ಲಲ್ರಿ, ಅಷ್ಟೇ ಅಂದದ್ದು, ಅಷ್ಟು ಸಾಕಾಯಿತು, ಹೊದಿಕೆ ಬಾಚಿಕೊಂಡು ಒಳಗೆ ಬಂದಳು.

ಸರ್ರನೆ ಬಿಚ್ಚಿಕೊಳ್ಳುವ ಹೆಣಿಗೆಯಲ್ಲ ಇದು, ಒಂದೊಂದು ದೇಶಕ್ಕೆ ಒಂದೊಂದು ಉಂಡೆ, ದೇಶ ದೇಶದ ಗಡಿಯಲ್ಲಿ ಗಂಟು, ಕತ್ತರಿ ಕೈಗೆ ಬಂದಿತ್ತು, ಥೂ, ಬಸುರಿ ಇರುವ ಮನೆಯಲ್ಲಿ ಕತ್ತರಿಯೇ, ಉಗುರಿನಿಂದ, ಹಲ್ಲಿನಿಂದ, ರಷ್ಯಾ ಒಂದಕ್ಕೇ ಒಂದು ತಾಸು ಹಿಡಿಯಿತು — ಮಿಸುಕಾಟ ಕಮ್ಮಿ ಆದ್ರ ಕಾಯಬ್ಯಾಡ್ರಿ, ಆ ಕ್ಷಣ ಬರ್ರಿ, ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಳು, ಹೌದು, ಹೋಗಬೇಕು, ಆದರೆ ಈ ಹೊದಿಕೆ ಹೀಗೇ ಇಡಿಯಾಗಿ ಮನೆಯಲ್ಲಿರುವಾಗ ಹೋದರೆ ಕೂಸಿನ ಎದೆಬಡಿತ ಕೇಳಿಸುವ ಆ ಮಿಷನ್ನು ಏನು ಹೇಳಿಬಿಡುತ್ತದೋ, ಬಿಚ್ಚಿ ಮುಗಿಸಿ ಹೋದರೆ ಟಕಟಕ ಸದ್ದು ಕೇಳೇ ಕೇಳುತ್ತದೆ, ಕೇಳಬೇಕು, ಗುರುರಾಯರೇ — ಗೋಡೆಯ ಗಡಿಯಾರ ಹನ್ನೆರಡು ಅಂದಿತು, ಒಂದೂವರೆ ಅಂದಿತು, ತನ್ನ ಗಂಡ ಗೋಪೀನಾಥ ಸಂಡೂರಿನ ಮುಂಜಿವೆಗೆ ಹೋದವನು ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ, ಅವನು ಹೊರಡ್ರಿ ಜಲ್ದಿ ಅನ್ನುವವನೇ, ಮೊಣಕಾಲ ಮೇಲೆ ಸುಕ್ಕುಸುಕ್ಕಾದ ಉಣ್ಣೆ ಗುಡ್ಡೆಯಾಯಿತು, ಕದದ ಸಂದಿಯಲ್ಲಿ ಮಗಳ ಅಂಗೈ ಇನ್ನೂ ಕಾಣುತ್ತಿತ್ತು, ಎಡಕ್ಕೆ, ಬಲಕ್ಕೆ, ಹೊಕ್ಕುಳ ಕೆಳಗೆ, ಏಳಮ್ಮ ಬಂಗಾರ, ಎಂದು ಹೊಟ್ಟೆಯ ಕೂಸಿಗೆ ಪಿಸುಮಾತು, ಇಂದಿರಾಬಾಯಿ ಆಫ್ರಿಕಾವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

ಆಟೋದ ಹಾರ್ನು, ಕದ ತೆರೆದುಕೊಂಡಿತು, ನಾನ ಕರದೀನಿ ನಡಿಯಮ್ಮ, ಎಂದ ಮಗಳ ದನಿಯಲ್ಲಿ ಅಳು ಇರಲಿಲ್ಲ, ಇದ್ದಿದ್ದರೆ ಎದ್ದುಬಿಡುತ್ತಿದ್ದಳೇನೋ, ಏಳಬೇಕು, ಏಳುತ್ತಾಳೆ, ಬಾಯಿಗೆ ಬಂದದ್ದು ಮಾತ್ರ, ನೀಲಿ ಎರಡ ಸಾಲು ಉಳದಾವ, ಒಂಚೂರು ತಡಿ — ಮಾಧವಿ ಗುಡ್ಡೆಬಿದ್ದ ಉಣ್ಣೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಮುಂಜಾನಿಂದ ಇದನ್ನ ಮಾಡ್ಲಿಕತ್ತಿದ್ದೇನಮ್ಮ, ಇಂದಿರಾಬಾಯಿ ಮಗಳ ಮುಖ ನೋಡಲಾರದೆ ಕಣ್ಣು ಕೆಳಗಿಳಿಸಿದಳು, ಅಲ್ಲಿ ಅಂಗೈ ಇತ್ತು, ಎಡಕ್ಕೆ ಹೋಗುತ್ತಿಲ್ಲ, ಬಲಕ್ಕೆ ಹೋಗುತ್ತಿಲ್ಲ, ಒತ್ತುತ್ತಿಲ್ಲ, ಹುಡುಕುತ್ತಿಲ್ಲ, ಹೊಟ್ಟೆಯ ಮೇಲೆ ಸುಮ್ಮನೆ ಇದೆ ಆ ಅಂಗೈ, ಸುಮ್ಮನೆ, ಹುಡುಕುವುದನ್ನೇ ಬಿಟ್ಟ ಆ ಅಂಗೈ.