ಒಂದೆಳೆ ಎತ್ತರ

ರೋಲರ್ ಮಾವ ಮಾತಾಡುವುದೂ ರೋಲರ್ ಓಡಿಸಿದ ಹಾಗೆಯೇ. ಒಂದು ಪದ ಮುಂದಕ್ಕೆ ಉರುಳಬೇಕು, ನಿಲ್ಲಬೇಕು, ಹಿಂದಕ್ಕೆ ಬಂದು ಅದನ್ನೇ ಇನ್ನೊಮ್ಮೆ ತುಳಿದು ಗಟ್ಟಿ ಮಾಡಬೇಕು. "ಗುಂಡಿ... ಗುಂಡೀನ ಮೊದಲು ಚೌಕ... ಚೌಕ ಮಾಡ್ಕೊಳ್ಳಿ." ವಾಕ್ಯ ಮುಗಿಯುವಷ್ಟರಲ್ಲಿ ಗ್ಯಾಂಗಿನವರು ಗುಂಡಿಯ ಅಂಚು ಕಡಿದು, ಗುಡಿಸಿ, ಮಾವನ ಪೂರ್ಣವಿರಾಮಕ್ಕಾಗಿ ಪೊರಕೆ ಹಿಡಿದು ಕಾಯುತ್ತಿದ್ದರು.

ಮಾವ ಮರೆಯಾದರೆ ಸಾಕು, ಗ್ಯಾಂಗಿನ ಟೈಲರಮ್ಮನ ಗಂಟಲಿನಿಂದ ಅದೇ ಮಾವ ಹೊರಗೆ ಬರುತ್ತಿದ್ದರು, ಅದೇ ಕೆಮ್ಮು, ಅದೇ ರಿವರ್ಸ್ ಗೇರು. ಬಾಂಡ್ಲಿ ಹೊತ್ತವರು ನಕ್ಕು ನಕ್ಕು ಜಲ್ಲಿ ಚೆಲ್ಲುತ್ತಿದ್ದರು.

ಆ ಹೆದ್ದಾರಿಯನ್ನು ರಿಪೇರಿ ಮಾಡಲು ಮೊದಲೆಲ್ಲ ಎಲ್ಲಿಂದಲೋ ಜನ ಬರುತ್ತಿದ್ದರು. ಡಾಂಬರು ಸುರಿದು, ಅದು ಆರುವ ಮೊದಲೇ ತಾವು ಹಾರಿಹೋಗುತ್ತಿದ್ದರು. ಈಗ ರಸ್ತೆ ಪಕ್ಕದ ಊರಿನವರಿಗೇ ಕೆಲಸ ಕಲಿಸಿ, ಅವರವರ ರಸ್ತೆಯನ್ನು ಅವರವರ ಕೈಗೇ ಕೊಡುವ ಹೊಸ ಪದ್ಧತಿ ಬಂದಿತ್ತು. ಕಲಿಸಲು ಬಂದವರು ಮಾವ. ಅವರ ಕಲಿಸುವ ರೀತಿಯೇ ಬೇರೆ. ಬೇಕರಿಯಲ್ಲಿ ಒಲೆ ನೋಡುತ್ತಿದ್ದವನಿಗೆ ಡಾಂಬರಿನ ಬಿಸಿ ಒಪ್ಪಿಸಿದರು. ಕ್ಷೌರದವನಿಗೆ ಗುಂಡಿಯ ಅಂಚು ಕೊಟ್ಟರು. ರೆಡಿಮೇಡ್ ಅಂಗಡಿ ಬಂದ ಮೇಲೆ ಹೊಲಿಗೆ ಮಷಿನ್ನಿಗೆ ಮುಸುಕು ಹಾಕಿದ್ದ ಟೈಲರಮ್ಮನನ್ನು ಮೇಲಿಂದ ಕೆಳಗೆ ನೋಡಿ, "ತೇಪೆ... ತೇಪೆ ಹಾಕ್ತೀಯಲ್ಲ? ಇಲ್ಲೂ ಅದೇ," ಅಂದಿದ್ದರು. ಯಾರ ಹಳೆಯ ಕಸುಬನ್ನೂ ಅವರು ಗುಡಿಸಿ ಎಸೆಯಲಿಲ್ಲ. ಅದರ ಮೇಲೆಯೇ ಹೊಸದನ್ನು ಹಾಸಿದರು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಡಾಂಬರಾದರೆ ಮೊದಲು ಸೀಮೆಎಣ್ಣೆ ಹುಡುಕಬೇಕು. ಆದರೂ ಟೈಲರಮ್ಮನಿಗೆ ಈ ಕೆಲಸ ಮೈಗೆ ಹತ್ತಿತ್ತು. ಕಲಿಕೆ ಮುಗಿದ ಮೇಲೆ ಗ್ಯಾಂಗಿನಲ್ಲಿ ಯಾರು ಉಳಿಯಬೇಕು ಅನ್ನುವುದು ಮಾವನ ಒಂದು ಮಾತಿನ ಮೇಲೆ ನಿಂತಿತ್ತು; ಆ ಮಾತು ಬರುತ್ತಿದ್ದದ್ದು ಅವರದೇ ಒಂದು ವಿಚಿತ್ರ ಪರೀಕ್ಷೆಯ ನಂತರ.

ತೇಪೆ ಹಾಕಿದವರು ಆಂಬುಲೆನ್ಸಿನ ಹಿಂದೆ, ಸ್ಟ್ರೆಚರಿನ ಮೇಲೆ, ಕಣ್ಣು ಮುಚ್ಚಿ ಮಲಗಬೇಕು. ಗಾಡಿ ಅವರದೇ ತೇಪೆಯ ಮೇಲೆ ಹೋಗುತ್ತದೆ. "ಬಂತು" ಅಂತ ಸರಿಯಾಗಿ ಹೇಳಿದರೆ ಫೇಲು.

"ಅಲ್ಲ ಮಾವ, ಕೂತು ನೋಡಿದ್ರೆ ಆಗಲ್ವಾ?" ಎಂದು ಬೇಕರಿಯವನು ಕೇಳಿದ್ದ.

"ಕೂತವನಿಗೆ ಕಾಲಿದೆ. ನಿಂತವನಿಗೆ ಕೈ... ಕೈಯಿದೆ. ಮಲಗಿದವನಿಗೆ ರಸ್ತೆ ಬಿಟ್ರೆ ಬೇರೆ ದಿಕ್ಕಿಲ್ಲ."

ಅವತ್ತು ಯಾರೂ ನಗಲಿಲ್ಲ. ಟೈಲರಮ್ಮ ಆ ಮಾತನ್ನು ಅಣಕಿಸಲೂ ಇಲ್ಲ.

ಅವಳ ಪಾಲಿಗೆ ಬಂದದ್ದು ಆಸ್ಪತ್ರೆಗೆ ಮೊದಲು ಸಿಗುವ ತಿರುವು. ಆಂಬುಲೆನ್ಸು ಓಡಿಸುವವನು ಅವಳ ಗಂಡನೇ. ಗಾಡಿಗೆ ಗಾಳಿ ತುಂಬಿಸಿಕೊಂಡು ಖಾಲಿ ಬರುವ ಹೊತ್ತಿನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಅವನು ಹೆಂಡತಿಯ ಮೇಲಿನ ಕರುಣೆಯಿಂದ ಸ್ಟಿಯರಿಂಗ್ ತಿರುಗಿಸಿಬಿಟ್ಟಾನು ಎಂದು ಮಾವ ಪಕ್ಕದಲ್ಲೇ ಕೂರುತ್ತಿದ್ದರು.

ಮೊದಲ ಸಲ ಅವಳು ಧೈರ್ಯವಾಗಿ ಮಲಗಿದಳು. ಮಾವ "ಒಂದೆಳೆ ಮೇಲೆ ಬಿಡು" ಅಂದಿದ್ದರು ನಿಜ. ಆದರೆ ಎಳೆ ಲೆಕ್ಕದಲ್ಲಿ ಬದುಕಿದವಳು ಅವಳು. ಮುದುಕರ ಕೈ ಸ್ವಲ್ಪ ಸಡಿಲ ಎಂದುಕೊಂಡು, ಮಾವ ಊಟಕ್ಕೆ ಹೋದಾಗ ರಸ್ತೆಗೆ ಸರಿಸಮ ಎಳೆದು ನುಣುಪು ಮಾಡಿದ್ದಳು. ಅಂದು ನೋಡಲು ಇಸ್ತ್ರಿ ಮಾಡಿದ ಹಾಗಿತ್ತು. ಆಮೇಲೆ ಲಾರಿಗಳು ಓಡಾಡಿದವು.

ತಿರುವು ಬಂತು. ಧಡಕ್.

"ಅಮ್ಮಾ," ಅಂದಳು ಟೈಲರಮ್ಮ.

"ಬಂತಾ... ಬಂತಾ?" ಎಂದು ಮುಂದಿನಿಂದ ವಿಚಾರಿಸಿಕೊಂಡರು ಮಾವ.

ಇಳಿದು ನೋಡಿದರೆ ತೇಪೆ ತಟ್ಟೆಯ ಹಾಗೆ ತಗ್ಗಿತ್ತು. ಮಾವ ಬೈಯಲಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ. ರಸ್ತೆ... ರಸ್ತೆ ಮಾತ್ರ ಮಟ್ಟ ಆಗಲ್ಲ. ಇನ್ನೊಂದು ಸಲ ಹಾಕು. ಅದೇ ಕೊನೆ."

ಮನೆಯಲ್ಲಿ ಅವಳು ಮುಖ ಊದಿಸಿಕೊಂಡು ಕೂತಿದ್ದಾಗ ಗಂಡ ಹೊಸ ಯೂನಿಫಾರಂ ತೊಟ್ಟು ಎದುರಿಗೆ ಬಂದು ನಿಂತ. ಅವಳೇ ಅವಸರದಲ್ಲಿ ಹೊಲಿದು ಕೊಟ್ಟ ಪ್ಯಾಂಟು. ಒಂದೇ ಒಗೆತಕ್ಕೆ ಕಣಕಾಲು ಬಿಟ್ಟು ಮೇಲೇರಿತ್ತು.

"ನೀನು ಹೊಲಿದ ಪ್ಯಾಂಟು ಮೇಲಕ್ಕೆ ಹೋಯ್ತು, ಹಾಕಿದ ರಸ್ತೆ ಕೆಳಕ್ಕೆ ಹೋಯ್ತು. ನಡುವೆ ನಾನೊಬ್ಬ ಗಾಡಿ ಓಡಿಸ್ತಾ ಇದ್ದೀನಿ ಕಣೇ."

"ಬಟ್ಟೆ ನೆನೆಹಾಕದೆ ಕತ್ತರಿಸಿದ್ರೆ ಕುಗ್ಗದೆ ಏನಾಗುತ್ತೆ ರೀ? ಹೊಸ ಬಟ್ಟೆ ಅಂದ್ಮೇಲೆ ಕುಗ್ಗೋಕೆ ಅಂತ ಒಂಚೂರು ಬಿಡ್ಬೇಕು..." ಎಂದವಳು ಅಲ್ಲಿಗೇ ನಿಂತಳು. ಗಂಡನ ಕಣಕಾಲನ್ನೇ ದಿಟ್ಟಿಸಿದಳು. ಮದುವೆಯಾದ ಮೇಲೆ ತನ್ನ ಯಾವ ಅಂಗವನ್ನೂ ಅವಳು ಇಷ್ಟು ಭಕ್ತಿಯಿಂದ ನೋಡಿರಲಿಲ್ಲ ಎಂದು ಅವನು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಮರುದಿನ ಹಳೆಯ ತೇಪೆ ಕಿತ್ತು ಹೊಸದು ಹಾಕಿದಳು. ಪದರ ಪದರವಾಗಿ ತುಂಬಿ, ರೋಲರ್ ಹೋದ ಮೇಲೂ ಒಂದೆಳೆ ಎತ್ತರ ನಿಲ್ಲುವ ಹಾಗೆ ಬಿಟ್ಟಳು. ಲಾರಿಗಳಿಗೆಂದೇ ಬಿಟ್ಟ ಪಾಲು ಅದು.

ಊರು ಸುಮ್ಮನಿರಬೇಕಲ್ಲ. "ಗುಂಡಿ ಹೋಯ್ತು, ಗುಡ್ಡ ಬಂತು," ಎಂದರು ಸೈಕಲ್ಲಿನ ಮೇಷ್ಟ್ರು. ಗಂಡನಂತೂ ಊಟಕ್ಕೆ ಕೂತಾಗಲೆಲ್ಲ ಕುರ್ಚಿಯಿಂದ ಒಮ್ಮೆ ಮೇಲೆ ಹಾರಿ ಕುಳಿತು, "ತಿರುವು," ಎನ್ನುತ್ತಿದ್ದ. ಟೈಲರಮ್ಮನ ಕೈ ತುರಿಸುತ್ತಿತ್ತು. ಸನಿಕೆಯಿಂದ ಒಂದು ಸಲ ಕೆರೆದುಬಿಟ್ಟರೆ ಎಲ್ಲರ ಬಾಯಿಯೂ ಮಟ್ಟವಾಗುತ್ತಿತ್ತು. ಒಂದು ಬೆಳಿಗ್ಗೆ ಸನಿಕೆ ಹಿಡಿದು ತಿರುವಿಗೆ ಹೋಗಿಯೂಬಿಟ್ಟಳು.

"ಕೆರೀತೀಯಾ ಏನು?" ಎಂದ ಕ್ಷೌರದವನು. ಗ್ಯಾಂಗಿನವರೆಲ್ಲ ತಿರುಗಿ ನೋಡಿದರು.

ಅವಳು ತೇಪೆಯ ಮೇಲೆ ಸನಿಕೆ ಊರಿ ನಿಂತಳು. ಒಂದು ಲಾರಿ ಬರುವುದನ್ನು ಕಂಡು ಪಕ್ಕಕ್ಕೆ ಸರಿದಳು. ಬಾಯಿ ತೆರೆದರೆ ಬಂದದ್ದು ಮಾವನ ಧ್ವನಿ: "ನಿಧಾನ... ನಿಧಾನ. ಲಾರಿ ಓಡ್ಲಿ. ಓಡ್ಲಿ."

ಯಾರೂ ನಗಲಿಲ್ಲ, ಯಾಕೆಂದರೆ ಮಾವ ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ತೇಪೆಯನ್ನು ನೋಡಿದರು, ಸನಿಕೆಯನ್ನು ನೋಡಿದರು.

"ನಾನು... ನಾನು ಸರಿಯಾಗೇ ಹೇಳಿದೆ," ಎಂದು ರೋಲರ್ ಹತ್ತಿದರು.

ಪರೀಕ್ಷೆಯ ದಿನ ಬಂತು. ಟೈಲರಮ್ಮ ಸ್ಟ್ರೆಚರಿನ ಮೇಲೆ ಮಲಗಿ, ಬೆಲ್ಟು ಕಟ್ಟಿಸಿಕೊಂಡು, ಕಣ್ಣು ಮುಚ್ಚಿದಳು. ಬೆನ್ನೇ ಕಿವಿಯಾಯಿತು. ಪೆಟ್ರೋಲ್ ಬಂಕಿನ ಮುಂದಿನ ಜೋಡಿ ಉಬ್ಬು ಗೊತ್ತಾಯಿತು. ಸೇತುವೆಯ ಸಂದು ಟಕ್ ಅಂದಿತು. ಇನ್ನು ತಿರುವು. ಹಲ್ಲು ಕಚ್ಚಿದಳು. ಮೈ ಒಂದು ಮಗ್ಗುಲಿಗೆ ವಾಲಿತು, ಮೆಲ್ಲಗೆ ನೇರವಾಯಿತು. ಈಗ ಬರುತ್ತದೆ ಎಂದುಕೊಂಡಳು. ಇಲ್ಲ, ಈಗ. ಗಾಡಿ ನಿಧಾನವಾಗಿ ನಿಂತೇಹೋಯಿತು.

"ಯಾಕ್ರೀ ನಿಲ್ಲಿಸಿದ್ರಿ? ತಿರುವಿನ ಹತ್ರ ಏನಾದ್ರೂ ಅಡ್ಡ ಬಂತಾ?"

ಹಿಂದಿನ ಬಾಗಿಲು ಧಡಾರನೆ ತೆರೆಯಿತು. ಬಿಳಿ ಕೋಟಿನ ನರ್ಸಮ್ಮ ಒಳಗೆ ಬಗ್ಗಿ ಅವಳ ನಾಡಿ ಹಿಡಿದರು. ಅವರ ಹಿಂದೆ ಆಸ್ಪತ್ರೆಯ ಮೆಟ್ಟಿಲು ಕಾಣುತ್ತಿತ್ತು.

"ಏನಾಯ್ತು ಇವ್ರಿಗೆ?" ಎಂದರು ನರ್ಸಮ್ಮ ಡ್ರೈವರಿನ ಕಡೆ ತಿರುಗಿ.

ಗಂಡ ಮೋಟು ಪ್ಯಾಂಟಿನಲ್ಲಿ ಇಳಿದು ಬಂದು ಬಾಗಿಲಿಗೆ ಒರಗಿ ನಿಂತ. ಅವತ್ತು ಹೆಂಡತಿಯನ್ನು ಆಡಿಕೊಳ್ಳದೆ, ಕೈ ಚಾಚಿ ಅವಳ ಬೆಲ್ಟು ಬಿಚ್ಚಿದ.

"ಏನೂ... ಏನೂ ಆಗಲಿಲ್ಲ," ಎಂದರು ಮಾವ, ಅವನ ಭುಜದ ಹಿಂದಿನಿಂದ. "ನಾಳೆಯಿಂದ ಸೇತುವೆ ಸಂದು ನೋಡ್ಕೋ ಮಗಳೇ. ಅದು ಟಕ್... ಟಕ್ ಅಂತಿದೆ."