ಭಾಮೈದನ ಟೈರು

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಬ್ಯಾಂಕಿನವರು, ಆಸ್ಪತ್ರೆಯವರು, ಪಾರ್ಸೆಲ್ ತರುವವರು ಆ ಹೆಸರಿನಲ್ಲಿ ಅವನನ್ನು ಹುಡುಕುತ್ತಿದ್ದರು. ಉಳಿದವರಿಗೆಲ್ಲ ಅವನು ಭಾಮೈದ. ಹಾಗೆ ಕರೆಯಲು ಶುರು ಮಾಡಿದ್ದು ಅಕ್ಕನ ಗಂಡ. ಅವರದು ಲಿಫ್ಟ್ ರಿಪೇರಿಯವರ ಗಂಟಲು. ಮೇಲಿನ ಮಹಡಿಯಿಂದ ಕೂಗಿದರೆ ಕೆಳಗೆ ಗುಂಡಿಯಲ್ಲಿ ನಿಂತವನಿಗೆ ಕೇಳಬೇಕು. ಭಾನುವಾರ ಬೆಳಿಗ್ಗೆ ಸೈಕಲ್ ಓಡಿಸುವ ಗುಂಪಿನಲ್ಲಿ “ಏ ಭಾಮೈದ, ಎಲ್ಲಿ ಸತ್ತೆಯೋ!” ಎಂದು ಅವರು ಕೂಗಿ ಕೂಗಿ, ಗುಂಪಿಗೆಲ್ಲ ಅದೇ ಬಾಯಿಪಾಠವಾಯಿತು. ಅಕ್ಕನ ಮುಖವನ್ನೇ ನೋಡದವರೂ ಅವನನ್ನು ಭಾಮೈದ ಎಂದೇ ಮಾತಾಡಿಸುತ್ತಿದ್ದರು. ಕಂಡಕಂಡವರಿಗೆಲ್ಲ ಹೆಂಡತಿಯ ತಮ್ಮನಾಗುವುದೆಂದರೆ ಸಣ್ಣ ಮಾತಲ್ಲ, ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಇವನು ಹಲ್ಲು ಕಿರಿದು ಓಗೊಡುತ್ತಿದ್ದ. ನಾವೂ ಸದ್ಯಕ್ಕೆ ಹಾಗೇ ಕರೆಯೋಣ.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಭಾಮೈದನ ಕೆಲಸ. ಇಡೀ ದಿನ ಯಂತ್ರದ ಗುಂಯ್ ಸದ್ದು, ಬೆರಳ ಸಂದಿಯಲ್ಲಿ ಗಾಜಿನ ಬಿಳಿ ಕೆಸರು. ಮಾತು ಕಡಿಮೆ. ಮಾತೆಲ್ಲ ಭಾವ ಆಡುತ್ತಿದ್ದರು, ಇವನು ಹೂಂಗುಟ್ಟುತ್ತಿದ್ದ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಕಾಯಿಲೆ ಅವಳನ್ನು ಹಾಸಿಗೆಗೆ ಕೆಡವಿದಾಗ ಹಗಲು ಭಾವ, ರಾತ್ರಿ ಇವನು ಎಂದು ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದರು. ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಎದುರಾಗಿ, ಅವಳು ನೀರು ಕುಡಿದಳೋ ಇಲ್ಲವೋ ಎಂಬುದನ್ನಷ್ಟೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ ಭಾವ ಬಾಯಿಗೆ ಬೀಗ ಹಾಕಿಕೊಂಡವರಂತೆ ಕೂತುಬಿಟ್ಟರು. ಆಮೇಲೊಂದು ಭಾನುವಾರ ಇವನ ಮನೆ ಬಾಗಿಲು ಬಡಿದು, “ಸೈಕಲ್ ತೆಗಿ ಭಾಮೈದ. ಮನೇಲಿ ಕೂತ್ರೆ ತಲೆ ಕೆಡುತ್ತೆ,” ಅಂದರು. ಅಂದಿನಿಂದ ಒಂದು ಭಾನುವಾರವೂ ತಪ್ಪಿರಲಿಲ್ಲ.

ಅಕ್ಕನ ಸುದ್ದಿಯನ್ನು ಅವರು ಹೆಚ್ಚು ಎತ್ತುತ್ತಿರಲಿಲ್ಲ. ಚೈನು, ಗೇರು, ಬ್ರೇಕು, ಟೈರು ಇವೇ ಮಾತು. ಆದರೆ ಸೇತುವೆ ದಾಟಿದ ಮೇಲಿನ ಏರಿನಲ್ಲಿ, ಇಬ್ಬರಿಗೂ ಏದುಸಿರು ಬರುವ ಜಾಗದಲ್ಲಿ, ಭಾವ ಒಮ್ಮೊಮ್ಮೆ, “ನಿಮ್ಮಕ್ಕ ಇದ್ದಿದ್ರೆ, ಇಷ್ಟು ಕಷ್ಟ ಪಟ್ಕೊಂಡು ಎಲ್ಲಿಗೆ ಹೊರಟ್ರಿ ಇಬ್ರೂ ಅಂತಿದ್ಲು,” ಅನ್ನುವರು. ಅಷ್ಟೇ. ಆ ಒಂದು ಮಾತಿಗಾಗಿಯೇ ಭಾಮೈದ ವಾರವೆಲ್ಲ ಕಾಯುತ್ತಿದ್ದ. ಅಕ್ಕನ ಧಾಟಿಯನ್ನು ಹಾಗೇ ಎತ್ತಿ ಆಡಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಈಗ ಭಾವ ಮತ್ತೆ ಮದುವೆಯಾಗುವವರಿದ್ದರು. ಹುಡುಗಿ ಅನ್ನುವ ವಯಸ್ಸಿನವರಲ್ಲ. ಲೈಬ್ರರಿಯಲ್ಲಿ ಕೆಲಸ, ಶಾಂತ ಸ್ವಭಾವ. ವಿಷಯ ಹೇಳುವಾಗ ಭಾವ ಕಳ್ಳನ ಹಾಗೆ ಟೀ ಲೋಟವನ್ನೇ ನೋಡುತ್ತಿದ್ದರು. “ಮಾಡ್ಕೊಳ್ಳಿ ಭಾವ. ಇನ್ನೆಷ್ಟು ದಿನ ಅಂತ ಸುಟ್ಟ ಬ್ರೆಡ್ಡು ತಿಂತೀರಿ?” ಎಂದು ಇವನೇ ಧೈರ್ಯ ತುಂಬಿದ್ದ. ಅದು ಬಾಯಿಮಾತಲ್ಲ, ಮನಸ್ಸಿನಿಂದಲೇ ಬಂದದ್ದು. ಆ ಮದುವೆಯ ಬಗ್ಗೆ ಅವನಿಗೆ ಎಳ್ಳಷ್ಟೂ ಹೊಟ್ಟೆಯುರಿ ಇರಲಿಲ್ಲ. ಇದ್ದದ್ದು ಒಂದೇ ಭಯ: ಇನ್ನು ಮುಂದೆ ಭಾವ ತನ್ನ ಭಾವನಾಗಿ ಉಳಿಯುತ್ತಾರೋ ಇಲ್ಲವೋ. ಇದನ್ನು ಯಾರ ಹತ್ತಿರ ಕೇಳುವುದು, ಹೇಗೆ ಕೇಳುವುದು ಎಂದು ತಿಳಿಯದೆ ಒಳಗೊಳಗೇ ನುಂಗಿಕೊಂಡಿದ್ದ.

ಅಷ್ಟರಲ್ಲಿ ಭಾವನ ಫೋನು ಬಂತು. “ಶನಿವಾರ ಗಾಳಿಯಣ್ಣನ ಅಂಗಡಿಗೆ ಬಾ. ಎರಡು ಜೊತೆ ಟೈರು ತಗೋಬೇಕು. ಒಳ್ಳೆ ಓಡೋ ಟೈರು. ಆರಿಸೋಕೆ ನೀನಿರಲೇಬೇಕು.”

ಎರಡು ಜೊತೆ! ಭಾಮೈದನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವನ ಸೈಕಲ್ಲಿನ ಹಿಂದಿನ ಟೈರು ಸವೆದು ಚಪ್ಪಟೆಯಾಗಿತ್ತು, ಅಲ್ಲಲ್ಲಿ ರಬ್ಬರ್ ಸೀಳಿ ಒಳಗಿನ ದಾರ ಕಾಣುತ್ತಿತ್ತು. ಹಿಂದಿನ ವಾರವಷ್ಟೇ ಭಾವ ಅದನ್ನು ನೋಡಿ, “ಇದು ಟೈರೋ, ಹಳೇ ಚಪ್ಪಲಿಯೋ? ಬಿದ್ದು ಸತ್ರೆ ನಿನ್ನ ಹೆಂಡ್ತಿಗೆ ಯಾರು ಉತ್ತರ ಹೇಳೋರು?” ಎಂದು ಗದರಿಸಿದ್ದರು. ಒಂದು ಜೊತೆ ಅವರದು, ಇನ್ನೊಂದು ಜೊತೆ ತನ್ನದು. ಇದಕ್ಕೆ ಲೆಕ್ಕ ಬೇರೆ ಬೇಕೆ?

ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅವಳ ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. “ನಿಮಗೇ ಅಂತ ಬಾಯ್ಬಿಟ್ಟು ಹೇಳಿದ್ರಾ?” ಅಂದಳು.

“ಹೇಳೋದೇನು, ಗೊತ್ತಾಗಲ್ವಾ?”

“ನಿಮಗೆ ಗೊತ್ತಾಗೋದೆಲ್ಲ ಹೀಗೇ. ಅವರಿಗೆ ಹೊಸ ಸಂಸಾರ, ಹೊಸ ನೆಂಟರು. ನೀವು ಸುಮ್ನೆ ಆಸೆ ಇಟ್ಕೊಂಡು ಕೂತ್ಕೋಬೇಡಿ.” ಅವಳು ಅವನ ಅಂಗಿಯನ್ನು ಮಡಿಸಿ ಮಂಚದ ಮೇಲಿಟ್ಟಳು. ಆಮೇಲೆ ಮೆತ್ತಗಿನ ದನಿಯಲ್ಲಿ, “ಈ ಅಂಗಿ ಹಾಕ್ಕೊಂಡು ಹೋಗಿ, ಇದು ನಿಮಗೆ ಒಪ್ಪುತ್ತೆ,” ಅಂದಳು.

ಗಾಳಿಯಣ್ಣನ ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಸುರಂಗದ ಹಾಗಿತ್ತು. ಗೋಡೆಯ ತುಂಬ ಕೊಕ್ಕೆ, ಕೊಕ್ಕೆಯ ತುಂಬ ಟೈರು, ಒಳಗೆ ಕಾಲಿಟ್ಟರೆ ರಬ್ಬರಿನ ವಾಸನೆ. ಸೈಕಲ್ಲಿಗೆ ಗಾಳಿ ತುಂಬುವುದರಲ್ಲೂ ಬಾಯಲ್ಲಿ ಗಾಳಿ ಬಿಡುವುದರಲ್ಲೂ ಅವನನ್ನು ಮೀರಿಸುವವರಿಲ್ಲದ ಕಾರಣ ಅವನಿಗೆ ಆ ಹೆಸರು.

“ಬಾರಪ್ಪ ಭಾಮೈದ! ಇಸ್ತ್ರಿ ಅಂಗಿ ಬೇರೆ! ಟೈರು ನೋಡೋಕೆ ಬಂದ್ಯೋ, ಹೆಣ್ಣು ನೋಡೋಕೋ?”

“ಹೆಣ್ಣು ನೋಡೋ ಕೆಲಸ ಭಾವಂದು. ನಂದು ಬರೀ ಟೈರು,” ಅಂದ ಭಾಮೈದ. ಹಿಂದೆಯೇ ಬಂದ ಭಾವ ಅವನ ಬೆನ್ನಿಗೊಂದು ಗುದ್ದಿದರು. ಮೂವರೂ ನಕ್ಕರು.

ಮೊದಲು ಭಾವನ ಟೈರು. ಅದರಲ್ಲಿ ತಕರಾರೇನೂ ಬರಲಿಲ್ಲ. ಭಾವನಿಗೆ ಸಣ್ಣ ಟೈರು, ಕಲ್ಲಿನ ಹಾಗೆ ಗಾಳಿ ತುಂಬಿದ್ದು ಬೇಕು, ಹಾಗಿದ್ದರೇ ಓಟ ಎಂಬ ಹಳೇ ನಂಬಿಕೆ. ಭಾಮೈದ ನಿಧಾನವಾಗಿ ತಿಳಿಹೇಳಿದ: ನಮ್ಮ ರಸ್ತೆ ಗಾಜಿನ ಹಾಗಿಲ್ಲ, ಗಟ್ಟಿ ಟೈರು ಪ್ರತಿ ಹರಳಿಗೂ ಪುಟಿಯುತ್ತೆ, ಪುಟಿದಷ್ಟೂ ಕಾಲಿನ ಶಕ್ತಿ ಪೋಲು, ಒಂಚೂರು ಅಗಲದ್ದು ತಗೊಂಡು ಗಾಳಿ ಇಳಿಸಿದರೆ ಅದು ರಸ್ತೆಯನ್ನು ಹಿಡ್ಕೊಂಡು ಹೋಗುತ್ತೆ. “ನೋಡಪ್ಪ, ಬಾಯೇ ಬಿಡದವನು ಭಾಷಣ ಮಾಡ್ತಿದಾನೆ,” ಎಂದ ಗಾಳಿಯಣ್ಣ. ಭಾವ ಎರಡೂ ಕೈ ಎತ್ತಿ, “ಸರಿ, ನೀನು ಹೇಳಿದ್ದೇ ಆಗಲಿ,” ಅಂದುಬಿಟ್ಟರು.

“ಈಗ ಎರಡನೇ ಜೊತೆ,” ಅಂದರು ಭಾವ. “ಇದನ್ನ ನೋಡಿ ಆರಿಸು. ಚೆನ್ನಾಗಿರಬೇಕು.”

ಭಾಮೈದನಿಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತು ಬೇಡದ ಟೈರುಗಳನ್ನೇ ಮುಟ್ಟಿ ಮುಟ್ಟಿ ನೋಡಿದ. ಆದರೆ ಕಣ್ಣು ಮೊದಲಿನಿಂದಲೂ ನೆಟ್ಟಿದ್ದು ಮೂಲೆಯ ಕೊಕ್ಕೆಯ ಕಡೆಗೆ. ಕಂದು ಅಂಚಿನ ಟೈರು, ಒಳಗೆ ನವಿರಾದ ದಾರದ ನೇಯ್ಗೆ. ಕೈಗೆತ್ತಿಕೊಂಡರೆ ಒಗೆದ ಬಟ್ಟೆಯ ಹಾಗೆ ಜೋತುಬಿತ್ತು. ಇಂಥದ್ದು ರಸ್ತೆಗಿಳಿದರೆ ಸದ್ದೇ ಇರುವುದಿಲ್ಲ, ಬರೀ ಒಂದು ಸುಯ್. ಎಷ್ಟೋ ಸಲ ಮುಟ್ಟಿ ಮುಟ್ಟಿ ವಾಪಸ್ ನೇತುಹಾಕಿದ್ದ.

“ಇಷ್ಟೆಲ್ಲ ಯಾಕೆ ಭಾವ,” ಅಂದ, ಟೈರನ್ನು ಕೈಬಿಡದೆ.

“ಇರಲಿ ಬಿಡು. ಮೊದಲನೇ ಸಲ ಕೊಡ್ತಿರೋದು. ಕೊಟ್ಟ ಮೇಲೆ ಹೌದು ಅನ್ನೋ ಹಾಗಿರಬೇಕು.”

ನಿಜವೇ, ಭಾವ ಇವನಿಗೆ ಹಿಂದೆಂದೂ ಏನೂ ಕೊಟ್ಟಿರಲಿಲ್ಲ. ಕೊಡುವುದು ಬಿಡುವುದು ಎಲ್ಲ ಅಕ್ಕನ ಖಾತೆಯಾಗಿತ್ತು. ಈಗ ಅವಳಿಲ್ಲವೆಂದು ಅವರೇ ನೆನಪಿಟ್ಟುಕೊಂಡು ಕೊಡುತ್ತಿದ್ದಾರೆ ಅಂದುಕೊಂಡ ಭಾಮೈದ. ಮದುವೆಯಾದರೇನಂತೆ, ಏನೂ ಬದಲಾಗುವುದಿಲ್ಲ ಎಂದು ಹೇಳುವ ರೀತಿ ಇದು. ಬಾಯಲ್ಲಿ ಹೇಳಲಾಗದ್ದನ್ನು ಟೈರಿನಲ್ಲಿ ಹೇಳುತ್ತಿದ್ದಾರೆ. ಮನೆಗೆ ಹೋಗಿ ಹೆಂಡತಿಗೆ ಏನೆಂದು ಹೇಳಬೇಕೆಂದು ಮನಸ್ಸು ಆಗಲೇ ಮಾತು ಜೋಡಿಸುತ್ತಿತ್ತು.

“ತೂಕ ಎಷ್ಟು?” ಗಾಳಿಯಣ್ಣ ಕೇಳಿದ. “ತೂಕ ಕೇಳದೆ ನಾನು ಯಾರಿಗೂ ಟೈರು ಕೊಡಲ್ಲ. ನನ್ನ ಹೆಂಡ್ತಿಗೂ ಕೇಳಿದ್ದೆ. ಅವತ್ತೇ ಅವಳು ಸೈಕಲ್ ಬಿಟ್ಲು.”

ಭಾಮೈದ ನಗುತ್ತ, “ಐವತ್ತೆಂ...” ಅನ್ನುವಷ್ಟರಲ್ಲಿ ಭಾವ, “ಎಂಬತ್ತೈದು. ಅದಕ್ಕಿಂತ ಕಮ್ಮಿ ಅಂತೂ ಇಲ್ಲ,” ಅಂದರು.

ಗಾಳಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಾರು, ಇವನಾ? ಪಂಪಿನ ಮೂತಿ ಈ ಕಡೆ ತಿರುಗಿಸಿದ್ರೆ ಹಾರಿ ಹೋಗ್ತಾನೆ ಇವನು!”

“ಇವನಿಗಲ್ಲಪ್ಪ,” ಅಂದರು ಭಾವ. “ಭಾಮೈದನಿಗೆ.”

ಭಾವನಿಗೆ ತಾವು ಅಂದದ್ದೇನೆಂದು ಇನ್ನೂ ಹೊಳೆದಿರಲಿಲ್ಲ. ಅವರು ಅದೇ ಉತ್ಸಾಹದಲ್ಲಿ, “ಮದುವೆ ಆಗ್ತಿರೋಳ ತಮ್ಮ. ಒಳ್ಳೆ ಹುಡುಗ. ನನ್ನ ನೋಡಿ ಅವನೂ ಸೈಕಲ್ ತಗೊಂಡಿದಾನೆ. ನಾಳೆಯಿಂದ ನಮ್ಮ ಜೊತೆ ಬರ್ತಾನಂತೆ. ಮೊನ್ನೆ ಸೋಫಾದ ಆ ಕಡೆ ಅವನು ಕೂತ್ರೆ, ಈ ಕಡೆ ನಾನು ಮೇಲೆದ್ದೆ,” ಎಂದು ನಕ್ಕರು. ಗಾಳಿಯಣ್ಣ ನಗಲಿಲ್ಲ. ಯಾವತ್ತೂ ಬಾಯಿ ಮುಚ್ಚದವನು ತಲೆ ತಗ್ಗಿಸಿ ಟೇಬಲ್ಲಿನ ಮೇಲಿನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸತೊಡಗಿದ.

ಇಲ್ಲಿಂದ ಮುಂದೆ ಅವನನ್ನು ಏನೆಂದು ಕರೆಯುವುದು? ಕತೆ ಹೇಳುವವರಿಗೂ ಬಾಯಿ ತಡೆಯುತ್ತದೆ. ಅವನು ಕಂದು ಅಂಚಿನ ಟೈರನ್ನು ಮಡಿಕೆ ಕೂಡ ಕೆಡದಂತೆ ಕೊಕ್ಕೆಗೆ ನೇತುಹಾಕಿದ. ಮುಖ ಗೋಡೆಯ ಕಡೆಗಿತ್ತು, ಅದೊಂದು ಪುಣ್ಯ. ಭಾವನಿಗೇನು, ಒಬ್ಬ ಹೋದರೆ ಇನ್ನೊಬ್ಬ ಭಾಮೈದ ಸಿಗುತ್ತಾನೆ. ನನಗೆ ಇನ್ನೊಬ್ಬ ಭಾವ ಎಲ್ಲಿಂದ ಬರಬೇಕು, ನನಗಿದ್ದ ಅಕ್ಕ ಒಬ್ಬಳೇ, ಎಂದು ಅವನಿಗೆ ಅನ್ನಿಸಿತು. ಹಾಗನ್ನಿಸಿ ಕಣ್ಣು ಮಂಜಾಯಿತು.

ಮಂಜು ತಿಳಿಯಾದ ಮೇಲೆ ಹೊಟ್ಟೆಯೊಳಗೆ ಒಂದು ಕೆಟ್ಟ ಯೋಚನೆ ಎದ್ದಿತು. ಮೇಲಿನ ಸಾಲಿನಲ್ಲಿ ರೇಸಿಗೆಂದೇ ಮಾಡಿದ ಟೈರಿತ್ತು. ಸಣ್ಣದು, ತೆಳ್ಳಗಿನದು, ನೋಡಿದವರು ಹೌದು ಹೌದು ಅನ್ನಬೇಕು, ಅಷ್ಟು ಚಂದ. ಎಂಬತ್ತೈದು ಕಿಲೋದ ಹೊಸಬ ಅದರ ಮೇಲೆ ಕೂತರೆ ಪ್ರತಿ ಗುಂಡಿಗೂ ಒಂದು ಪಂಕ್ಚರ್. ನಾಲ್ಕು ಭಾನುವಾರ ರಸ್ತೆ ಬದಿ ಟ್ಯೂಬ್ ಬದಲಿಸುತ್ತ ಕೂತರೆ ಐದನೆಯದಕ್ಕೆ ಬರುವುದೇ ಇಲ್ಲ. ಭಾವ ತನ್ನ ಮಾತನ್ನು ಮೀರುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಅವನ ಕೈ ಆ ಟೈರಿನ ತನಕ ಹೋಯಿತು. ಹೋದದ್ದು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಪರರ ಕಣ್ಣಿಗೆ ಸರಿಹೊಂದುವ ಗಾಜನ್ನೇ ದಿನವೂ ಕೂರಿಸಿದ ಕೈ ಅದು, ಬೇಕೆಂದು ತಪ್ಪು ಮಾಡಲು ಅದಕ್ಕೆ ಬರಲಿಲ್ಲ.

“ಫ್ರೇಮಿನಲ್ಲಿ ಜಾಗ ಎಷ್ಟಿದೆ? ಅಗಲದ್ದು ಹಿಡಿಯುತ್ತಾ?” ಎಂದು ಕೇಳಿದ.

“ಹೊಸ ಸೈಕಲ್ಲು. ಧಾರಾಳವಾಗಿ ಹಿಡಿಯುತ್ತೆ.”

“ಹಾಗಾದ್ರೆ ಇದು ತಗೊಳ್ಳಿ. ಅಗಲ ಇದೆ, ಒಳಗೆ ಗಟ್ಟಿ ಪಟ್ಟಿ ಇದೆ, ಮುಳ್ಳು ಬೇಗ ಇಳಿಯಲ್ಲ. ಒದ್ದೆ ರಸ್ತೆಯಲ್ಲೂ ಹಿಡಿತ ತಪ್ಪಲ್ಲ. ಹೊಸಬರು ತಿರುವಿನಲ್ಲಿ ಗಾಬರಿ ಬಿದ್ದು ಬ್ರೇಕ್ ಹಾಕಿದ್ರೂ ಕಾಪಾಡುತ್ತೆ. ಗಾಳಿ ಮಾತ್ರ ನಿಮ್ಮದಕ್ಕಿಂತ ಸ್ವಲ್ಪ ಹೆಚ್ಚು ಹಾಕೋಕೆ ಹೇಳಿ.” ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಗಾಳಿಯಣ್ಣ ತಲೆ ಎತ್ತದೆ ಟೈರುಗಳನ್ನು ಚೀಲಕ್ಕೆ ಹಾಕಿದ.

ಹೊರಗೆ ಬಂದಾಗ ಭಾವನ ಕಣ್ಣು ಗೋಡೆಗೊರಗಿಸಿದ್ದ ಅವನ ಸೈಕಲ್ಲಿನ ಮೇಲೆ ಬಿತ್ತು. ಹಿಂದಿನ ಟೈರಿನ ಸೀಳು, ಸೀಳಿನೊಳಗಿನ ದಾರ. ಅವರ ಮುಖ ಇಳಿದುಹೋಯಿತು.

“ನೀನು... ನಿನಗೆ ಅಂದ್ಕೊಂಡ್ಯಾ?”

“ಏ, ಇಲ್ಲ ಬಿಡಿ ಭಾವ.”

“ನಡಿ ಒಳಗೆ. ಆ ಕಂದು ಅಂಚಿಂದು ಚೆನ್ನಾಗಿತ್ತು, ತಗೊಂಡುಬಿಡೋಣ.”

“ಬೇಡ ಭಾವ. ನಂದು ಇನ್ನೂ ಓಡುತ್ತೆ.”

ಭಾವ ಕತ್ತು ಕೆರೆದುಕೊಂಡರು. ಮನುಷ್ಯ ಕೆಟ್ಟವರಲ್ಲ. ಬಾಯಿ ಮುಂದೆ ಓಡುತ್ತದೆ, ಮನಸ್ಸು ಹಿಂದಿನಿಂದ ಬಂದು ಸೇರುತ್ತದೆ, ಅಷ್ಟೇ. ಅವರು ಅವನ ಹೆಗಲ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆದರು. ಬ್ಯಾಂಕಿನವರು ಕರೆಯುವ ಹೆಸರು. ಅವರ ಬಾಯಲ್ಲಿ ಅದು ಯಾರದೋ ಹೆಸರಿನ ಹಾಗೆ ಕೇಳಿಸಿತು.

“ತಪ್ಪು ತಿಳ್ಕೋಬೇಡ. ನಾಳೆಯಿಂದ ಇಬ್ರೂ ಇರ್ತೀರ. ಭಾಮೈದ ಅಂದ್ರೆ ಇಬ್ರೂ ತಿರುಗಿ ನೋಡಿದ್ರೆ ಗೊಂದಲ ಆಗುತ್ತಲ್ಲ. ಅವನು ಹೊಸಬ, ಹಾಗೆ ಕರೆದ್ರೆ ಅವನಿಗೂ ಖುಷಿ, ಅವಳಿಗೂ ಖುಷಿ. ನಿನಗೇನು, ನೀನು ಮನೆಯವನೇ.”

“ನಾನು ನಿಮ್ಮನ್ನ ಏನಂತ ಕರೀಲಿ?”

ಅಷ್ಟು ದಿನ ನುಂಗಿಕೊಂಡಿದ್ದ ಮಾತು ತಾನಾಗಿಯೇ ಹೊರಗೆ ಬಂದುಬಿಟ್ಟಿತ್ತು. ಭಾವ ಹುಬ್ಬೇರಿಸಿದರು. “ಇದೇನು ಕೇಳ್ತೀಯ? ಭಾವ ಅನ್ನು. ಯಾರು ಬೇಡ ಅಂದ್ರು?”

“ಹೂಂ.”

“ನಾಳೆ ಬರ್ತೀಯಲ್ಲ?”

“ಬರ್ತೀನಿ.”

ಭಾವ ಚೀಲವನ್ನು ಸೈಕಲ್ಲಿಗೆ ಕಟ್ಟಲು ಬಗ್ಗಿದರು. ಅವನು ತನ್ನ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಹತ್ತಿ ಕೂರಲು ಕಾಲಿಗೆ ಮನಸ್ಸಿರಲಿಲ್ಲ. ಬೀದಿಯಲ್ಲಿ ಶನಿವಾರದ ಜನ, ತರಕಾರಿ ಚೀಲಗಳು, ಹಾರ್ನುಗಳು. ಪಕ್ಕದ ಅಂಗಡಿಯನ್ನು ದಾಟಿ ಮೂಲೆಯ ಹತ್ತಿರ ಬರುವಷ್ಟರಲ್ಲಿ, ಹಿಂದಿನಿಂದ ಆ ದೊಡ್ಡ ಗಂಟಲು, ನಗು ತುಂಬಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿತು:

“ಹೇಳು ಭಾಮೈದ!”

ಅವನು ಥಟ್ಟನೆ ತಿರುಗಿದ. ಮುಖ ಅರಳಿತ್ತು. “ಏನ್ ಭಾವ?”

ಭಾವ ಕಿವಿಗೆ ಫೋನು ಹಿಡಿದು ನಿಂತಿದ್ದರು. ಅವನನ್ನು ನೋಡಿ ಅವರ ನಗು ಅಲ್ಲಿಗೇ ನಿಂತಿತು. ಫೋನಿಗೆ ಅಂಗೈ ಅಡ್ಡ ಹಿಡಿದು, ತೀರಾ ಮೆಲ್ಲಗೆ, “ನಿನಗಲ್ಲ ಕಣೋ,” ಅಂದರು.