ಬೀಳ್ಕೊಡುಗೆಯ ಊಟಗಳು

ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಕರಿದ ಕೋಳಿಯ ವಾಸನೆ, ಆಸ್ಪತ್ರೆಯ ಕೆಳಮಹಡಿಯಲ್ಲೇ ಬರ್ಗರ್ ಅಂಗಡಿ ಇಟ್ಟುಕೊಂಡಿದ್ದಾರೆ ಪುಣ್ಯಾತ್ಮರು, ಮೇಲೆ ಕಾದು ಕೂತ ದಲಾಲಳ ಬಾಯಲ್ಲಿ ನೀರೂರುತ್ತದೆ, ಛೀ, ಇಂಥ ಹೊತ್ತಲ್ಲೂ ಹಾಳು ನಾಲಿಗೆ — ಈಗಷ್ಟೇ ಡಾಕ್ಟರ್ ವಗ್ದಿ ಬಂದು ಹೇಳಿ ಹೋದರು, ನಿಮ್ಮ ಮಗನ ಆಪರೇಷನ್ ಆಗ್ಲಿಲ್ಲ ಉಮ್ ಮಿಶಾರಿ, ಲಿವರ್ ಕೊಬ್ಬು ತುಂಬಿ ಊದಿಕೊಂಡಿದೆ, ಹೊಟ್ಟೆ ಚೀಲ ಕೈಗೇ ಸಿಗ್ಲಿಲ್ಲ, ಹಾಗೇ ಹೊಲಿದ್ಬಿಟ್ವಿ, ಎರಡು ವಾರ ಬರೀ ಸೂಪು ಅಂದಿದ್ನಲ್ಲ, ಏನು ಕೊಟ್ರಿ? ಸೂಪೇ ಕೊಟ್ಟೆ, ಅಂದಳು ಮಿಶಾರಿಯ ತಾಯಿ ದಲಾಲ್, ನೆಲ ನೋಡುತ್ತ ಅಂದಳು. ಸೂಪಂತೆ ಸೂಪು. ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡ್ತಾರೆ, ಇನ್ನು ಜನ್ಮದಲ್ಲಿ ಹೊಟ್ಟೆತುಂಬ ತಿನ್ನೋ ಹಾಗಿಲ್ಲ ಪಾಪ, ಎಂದು ಮೊದಲು ಊಟಕ್ಕೆ ಕರೆದದ್ದು ಇವಳ ಅಕ್ಕ ನೂರಿಯಾ, ಬರ್ಗರಿಗೆ ಬೀಳ್ಕೊಡುಗೆ ಎಂದು ಎಲ್ಲರೂ ನಕ್ಕಿದ್ದರು, ಆಮೇಲೆ ದಿವಾನಿಯಾದ ಹರಟೆ ಕೋಣೆಯಲ್ಲಿ ಸೇರುವ ಗೆಳೆಯರು ಸರದಿ ಹಿಡಿದರು, ಪಿಜ್ಜಾ, ಚೀಸ್ ಸುರಿದ ಆಲೂಗಡ್ಡೆ, ಕೋಲಾ, ಸಾಕು ಕಣ್ರೋ ಅಂದರೆ ದೇವರಾಣೆ ಹಾಕುವುದು, ಆಣೆ ಹಾಕಿದ ಮೇಲೂ ತಟ್ಟೆ ದೂಡಿದರೆ ಕರೆದವನ ಮಾನ ಹೋದ ಹಾಗೆ, ಮಿಶಾರಿ ಯಾರ ಮಾನವನ್ನೂ ಕಳೆದವನಲ್ಲ. ಕುವೈತಿನ ಬಿಸಿಲಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ಕೂಸು, ಅಂಗಡಿಯವರು ಕಾರಿನ ಕಿಟಕಿಯಿಂದಲೇ ಬಿಸಿ ಫ್ರೈಸ್ ಪೊಟ್ಟಣ ಕೈಗಿತ್ತರೆ ಅಳು ನಿಲ್ಲುತ್ತಿತ್ತು, ಇವಳಿಗೂ ಹಾಯೆನಿಸುತ್ತಿತ್ತು, ಈಗ ಮೂವತ್ತೂ ಆಗಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಾನೆ, ಮದುವೆ ಮಾತೆತ್ತಿದರೆ, ಹುಡುಗಿಗೆ ಮೊದಲು ನಾನು ಕಾಣ್ಬೇಕಲ್ಲ ಯುಮ್ಮಾ, ಬರೀ ಹೊಟ್ಟೆ ಕಾಣ್ತಿದೆ, ಎಂದು ತಾನೇ ನಗುತ್ತಾನೆ. ಆಪರೇಷನ್ ಆಗದಿದ್ದರೆ ಹೃದಯ ತಡೆಯಲ್ಲ ಅಂದಿದ್ದ ಡಾಕ್ಟರೇ ಈಗ, ಮೊದಲು ತೂಕ ಇಳೀಲಿ, ಅಲ್ಲೀವರೆಗೆ ಹೃದಯ ಕಾದ್ರೆ ನೋಡೋಣ ಅಂದರು, ಕಾದರೆ, ಕಾದರೆ — ಮೊನ್ನೆ ಅವನು ನಿಜವಾಗಿಯೂ ಬೇಡ ಅಂದಿದ್ದ, ಡಾಕ್ಟರು ಬೈತಾರೆ ಯುಮ್ಮಾ, ಎಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದ, ಆ ಕೈ ಸರಿಸಿ, ಒಂದೇ ತುತ್ತು, ನನ್ನಾಣೆ, ಎಂದು ಬರ್ಗರ್ ಮುರಿದು ತುರುಕಿದವಳು ಇವಳೇ, ಹೊರಗಿನವರಲ್ಲ.

ನರ್ಸ್ ಕರೆಯುತ್ತಾಳೆ, ಎಚ್ಚರ ಆಗಿದೆ, ಬನ್ನಿ, ದಲಾಲ್ ಒಳಗೆ ಹೋಗುತ್ತಾಳೆ. ಮಿಶಾರಿ ಹೊಟ್ಟೆಯ ಮೇಲಿನ ಪಟ್ಟಿ ಸವರಿಕೊಳ್ಳುತ್ತಿದ್ದಾನೆ, ಆಗೋಯ್ತಲ್ಲ ಯುಮ್ಮಾ, ನೋವಿದೆ, ಆದ್ರೂ ಎಷ್ಟು ಹಗುರ ಅನ್ನಿಸ್ತಿದೆ ಗೊತ್ತಾ. ಇವನಿಗೆ ಯಾರೂ ಹೇಳಿಲ್ಲ. ಹೇಳಬೇಕು, ಯಾವ ಬಾಯಲ್ಲಿ ಹೇಳುವುದು, ಗಂಟಲು ಒಣಗಿದೆ ಅನ್ನುತ್ತಾನೆ, ಚಮಚದಲ್ಲಿ ನೀರು ಕೊಡಿ ಅನ್ನುತ್ತಾಳೆ ನರ್ಸ್, ಒಂದು ಚಮಚ ಕುಡಿದ, ಇನ್ನೊಂದು ತುಂಬಿ ತುಟಿಯ ಹತ್ತಿರ ತಂದಳು, ಅವನು ಹೆಮ್ಮೆಯಿಂದ ತಡೆದ, ಸಾಕು ಯುಮ್ಮಾ, ನೋಡು, ಒಂದೇ ಚಮಚಕ್ಕೆ ಹೊಟ್ಟೆ ತುಂಬ್ತು — ಬಾಯಿಗೆ ಅಡ್ಡ ಹಿಡಿದ ಕೈ, ಸೂಜಿ ಚುಚ್ಚಿದ ಕೈ, ಇವಳು ಮೊನ್ನೆ ಸರಿಸಿದ ಕೈ, ಆ ಕೈ —